ಪ್ಲಗ್ ಬದಲಿಸಿದರೂ ಮಿಸ್ಸಿಂಗ್ ನಿಲ್ಲುತ್ತಿಲ್ಲ, ಮುಂದೇನು?

ಪ್ರಶ್ನೆ (ಶಿರಸಿಯಿಂದ)
ಅಣ್ಣಾ, ನಮ್ಮನೇಲಿ ಹಳೇ ಸ್ಯಾಂಟ್ರೋ ಇದೆ, ಪೆಟ್ರೋಲ್. ಕಳೆದ ವಾರ ಕುಮಟಾದಿಂದ ಬರುವಾಗ ದೇವಿಮನೆ ಘಟ್ಟ ಹತ್ತೋದೇ ಕಷ್ಟ ಆಯ್ತು. ಎರಡನೇ ಗೇರಲ್ಲೂ ಎಳೀತಿರಲಿಲ್ಲ, ಜರ್ಕ್ ಹೊಡೀತಿತ್ತು. ರೇಸ್ ಜಾಸ್ತಿ ಕೊಟ್ಟರೆ ಸ್ವಲ್ಪ ಅಡ್ಡಿಲ್ಲ. ಈಗ ನಿಂತಲ್ಲೇ ಎಂಜಿನ್ ನಡುಗ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗೋದೂ ತಡ. ಗ್ಯಾರೇಜಲ್ಲಿ ಪ್ಲಗ್, ಪ್ಲಗ್ ವಯರ್ ಹೊಸತು ಹಾಕಿದ್ರು. ಸ್ಕ್ಯಾನರಲ್ಲಿ ಪಿ 0300 ಅನ್ನೋ ಫಾಲ್ಟ್ ಕೋಡ್ ಬರ್ತಿದೆ. ಇನ್ನು ಇಂಜೆಕ್ಟರ್ ಬದಲಿಸೋಣ ಅಂತಾರೆ. ಹಾಕಿಸಲೋ, ಬೇಡವೋ?

ಉತ್ತರ (ಮೆಕ್ಯಾನಿಕ್, ಕುಮಟಾ)
ಈಗಲೇ ಇಂಜೆಕ್ಟರಿಗೆ ದುಡ್ಡು ಹಾಕಬೇಡಿ. ಪಿ 0300 ಅಂದರೆ ಮಿಸ್ಸಿಂಗ್ (ಪೆಟ್ರೋಲ್ ಸರಿಯಾಗಿ ಉರಿಯದೆ ಹೋಗೋದು) ಒಂದೇ ಸಿಲಿಂಡರಿನದ್ದಲ್ಲ, ಬೇರೆ ಬೇರೆಯದರಲ್ಲಿ ಆಗ್ತಿದೆ ಅಂತ. ನಾಲ್ಕೂ ಇಂಜೆಕ್ಟರ್ ಒಂದೇ ದಿನ ಕೆಡೋದು ಅಪರೂಪ. ಎಲ್ಲಾ ಸಿಲಿಂಡರಿಗೂ ಸೇರಿದ ಕಾರಣವನ್ನೇ ಮೊದಲು ಹುಡುಕಬೇಕು.

ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು, ಕಡಿಮೆ ರೇಸಲ್ಲಿ ಎಳೆಯೋದಿಲ್ಲ, ಜಾಸ್ತಿ ರೇಸಲ್ಲಿ ಅಡ್ಡಿಲ್ಲ ಅನ್ನೋ ಮಾತು. ಪಿಸ್ಟನ್‌ಗಳು ತಿರುಗಿಸುವ ದಂಡ ಕ್ರ್ಯಾಂಕ್, ವಾಲ್ವ್ ತೆರೆಸುವ ದಂಡ ಕ್ಯಾಮ್, ಎರಡನ್ನೂ ಜೋಡಿಸುವ ಹಲ್ಲಿನ ರಬ್ಬರ್ ಪಟ್ಟಿಯೇ ಟೈಮಿಂಗ್ ಬೆಲ್ಟ್. ಅದು ಒಂದು ಹಲ್ಲು ಹಾರಿ ಕ್ಯಾಮ್ ಹಿಂದೆ ಬಿದ್ದರೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರುವಾಗ ವಾಲ್ವ್ ಇನ್ನೂ ತೆರೆದೇ ಇರೋದರಿಂದ ಎಳೆದುಕೊಂಡ ಗಾಳಿ, ಪೆಟ್ರೋಲು ವಾಪಸ್ ಹೋಗುತ್ತದೆ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಇಳಿಯುತ್ತದೆ. ರೇಸ್ ಏರಿದಾಗ ಒಳಗೆ ನುಗ್ಗುವ ಗಾಳಿಗೆ ವೇಗ ಇರೋದರಿಂದ ಅಷ್ಟು ವಾಪಸ್ ಬರೋದಿಲ್ಲ. ಅದಕ್ಕೇ ಘಟ್ಟದಲ್ಲಿ ಸೋತ ಗಾಡಿ ಹೈವೇಯಲ್ಲಿ ಸರಿ ಇದ್ದಂತೆ ಕಾಣುತ್ತದೆ.

ಕಂಪ್ರೆಷನ್ ಗೇಜ್ ಹಾಕಿಸಿ. ನಾಲ್ಕೂ ಪ್ಲಗ್ ಬಿಚ್ಚಿ, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಷನ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಸೆಲ್ಫ್ ಹೊಡೀಬೇಕು. ಒಂದರಲ್ಲಿ ಮಾತ್ರ ಕಡಿಮೆ ಬಂದರೆ ವಾಲ್ವೋ ಪಿಸ್ಟನ್ ರಿಂಗೋ ನೋಡಬೇಕು. ಪಕ್ಕಪಕ್ಕದ ಎರಡರಲ್ಲಿ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್. ನಾಲ್ಕೂ ಒಂದೇ ಸಮ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ನನ್ನ ಅನುಮಾನ ಬೆಲ್ಟ್ ಮೇಲೆ.

ಪ್ರಶ್ನೆ (ಶಿರಸಿಯಿಂದ)
ನಾಲ್ಕರಲ್ಲೂ 110 ಪಿಎಸ್‌ಐ ಆಸುಪಾಸು ಬಂತು, ಒಂದೇ ಸಮ ಕಡಿಮೆ. ಆಯಿಲ್ ಬಿಟ್ಟರೂ ಹೆಚ್ಚೇನೂ ಏರಲಿಲ್ಲ. ಗಾಡಿ ನಿಮ್ಮಲ್ಲಿಗೇ ಇಳಿಸಿಕೊಂಡು ಬರಲಾ?

ಉತ್ತರ
ದಯವಿಟ್ಟು ಬೇಡ. ಒಂದು ಹಲ್ಲು ಹಾರಿದ ಬೆಲ್ಟ್ ಇನ್ನೊಂದು ಹಾರೋಕೆ ಹೊತ್ತು ಬೇಡ. ಆಗ ವಾಲ್ವ್ ಪಿಸ್ಟನ್ನಿಗೆ ಬಡಿದು ಬೆಂಡ್ ಆಗಬಹುದು, ಬೆಲ್ಟಿನ ಕೆಲಸ ಹೆಡ್ ಬಿಚ್ಚುವ ಕೆಲಸ ಆಗ್ತದೆ. ಅದಕ್ಕಿಂತ ಹೆದರಿಕೆ ಎಂದರೆ, ಇಳಿಜಾರಲ್ಲಿ ಎಂಜಿನ್ ನಿಂತರೆ ಬ್ರೇಕ್ ಒತ್ತೋದನ್ನು ಹಗುರ ಮಾಡುವ ಬೂಸ್ಟರಿಗೆ ಎಂಜಿನ್ನಿನ ವ್ಯಾಕ್ಯೂಮ್ ಸಿಗೋದಿಲ್ಲ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗ್ತದೆ. ದೇವಿಮನೆಯ ತಿರುವಲ್ಲಿ ಅದು ಆಗಬಾರದು. ಅಲ್ಲೇ ಮಾಡಿಸಿ, ಇನ್ನು ಸೆಲ್ಫ್ ಕೂಡ ಹೊಡೀಬೇಡಿ.

ಮೇಲಿನ ಟೈಮಿಂಗ್ ಕವರ್ ಬಿಚ್ಚಿ, ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಕೈಯಲ್ಲಿ ತಿರುಗಿಸಲಿ. ಪುಲ್ಲಿ ಗುರುತು ಕೂಡಿದಾಗ ಕ್ಯಾಮ್ ಗುರುತೂ ಕೂಡಬೇಕು. ಕ್ರ್ಯಾಂಕ್ ಎರಡು ಸುತ್ತಿಗೆ ಕ್ಯಾಮ್ ಒಂದೇ ಸುತ್ತು, ಹಾಗಾಗಿ ಕ್ಯಾಮ್ ಗುರುತು ಎದುರು ಬದಿಯಲ್ಲಿ ಕಂಡರೆ ಇನ್ನೊಂದು ಸುತ್ತು ತಿರುಗಿಸಿ ನೋಡಬೇಕು. ಹಳೇ ಗಾಡಿಯಲ್ಲಿ ಪುಲ್ಲಿ ಗುರುತನ್ನೊಂದೇ ನಂಬಬೇಡಿ. ಒಂದನೇ ಪ್ಲಗ್ ತೂತಿಗೆ ಉದ್ದ ಸ್ಕ್ರೂಡ್ರೈವರ್ ಇಳಿಸಿ ಪಿಸ್ಟನ್ ಮೇಲಿದೆಯೋ ಖಾತ್ರಿ ಮಾಡಿಕೊಳ್ಳಲಿ.

ಪ್ರಶ್ನೆ (ಶಿರಸಿಯಿಂದ)
ಸರಿಯಾಗಿ ಒಂದು ಹಲ್ಲು ತಪ್ಪಿದೆ! ಬೆಲ್ಟ್ ಮೇಲೆಲ್ಲ ಆಯಿಲ್ ಪಸೆ ಇದೆ. ಅದನ್ನೇ ಒರೆಸಿ ಗುರುತಿಗೆ ಕೂರಿಸಿದ್ರೆ ಸಾಕಾ?

ಉತ್ತರ
ಸಾಲದು. ಆಯಿಲ್ ಕುಡಿದ ರಬ್ಬರ್ ಮೆತ್ತಗಾಗಿ ಹಲ್ಲು ಕಿತ್ತು ಬರ್ತದೆ. ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಷನರ್, ಅದರ ದಾರಿಯಲ್ಲಿರುವ ಐಡ್ಲರ್ ಪುಲ್ಲಿ ಮೂರೂ ಹೊಸತು ಹಾಕಿಸಿ. ಆಯಿಲ್ ಕ್ಯಾಮ್ ಸೀಲಿಂದ ಬಂತೋ ಕ್ರ್ಯಾಂಕ್ ಸೀಲಿಂದ ಬಂತೋ ನೋಡಿ, ಸೀಲನ್ನೂ ಬದಲಿಸದಿದ್ದರೆ ಹೊಸ ಬೆಲ್ಟಿಗೂ ಅದೇ ಗತಿ. ಹಾಕಿದ ಮೇಲೆ ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಲೇಬೇಕು. ಕೊನೆಗೆ ಇನ್ನೊಮ್ಮೆ ಕಂಪ್ರೆಷನ್. ಆಗಲೂ ಯಾವುದೋ ಒಂದರಲ್ಲಿ ಕಡಿಮೆ ಬಂದರೆ ಅಲ್ಲಿ ವಾಲ್ವ್ ಬೆಂಡ್ ಆಗಿರಬಹುದು.

ಪ್ರಶ್ನೆ (ಅಂಕೋಲಾದಿಂದ)
ನನ್ನ ಗಾಡಿ ಕಿಲೋಮೀಟರ್ ಜಾಸ್ತಿ ಓಡಿಲ್ಲ, ಮನೇಲೇ ನಿಂತಿರ್ತದೆ. ಬೆಲ್ಟ್ ಬದಲಿಸಬೇಕಾ?

ಉತ್ತರ
ಬೇಕು. ನಿಂತರೂ ರಬ್ಬರಿಗೆ ವಯಸ್ಸಾಗ್ತದೆ. ಮ್ಯಾನ್ಯುಯಲ್ಲಿನಲ್ಲಿ ಕಿಲೋಮೀಟರ್ ಜೊತೆಗೆ ವರ್ಷವನ್ನೂ ಕೊಟ್ಟಿದ್ದರೆ, ಯಾವುದು ಮೊದಲು ಬರ್ತದೋ ಆಗ ಬದಲಿಸಿ. ಸೆಕೆಂಡ್ ಹ್ಯಾಂಡ್ ಗಾಡಿಯಾಗಿದ್ದು ಬದಲಿಸಿದ ಬಿಲ್ ಇಲ್ಲವಾದರೆ, ಬದಲಿಸಿಲ್ಲ ಅಂತಲೇ ಲೆಕ್ಕ ಹಿಡಿಯಿರಿ.