ಕೊಜಿಯಸ್ಕೊದಲ್ಲಿ ಕುದುರೆ ಮೇಲೆ ಕ್ಯಾಂಪಿಂಗ್: ಕಾಡುಕುದುರೆ ನೋಡಬೇಕು, ಜೊತೆಗೊಂದು ಹೆಣ್ಣು ಕುದುರೆ ಇದೆ. ಏನು ಎಚ್ಚರಿಕೆ?

ಕೆಂಪುಮಣ್ಣು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜನವರಿ ಕೊನೇ ವಾರ ಕ್ಯಾನ್‌ಬೆರಾದಿಂದ ಮೂವರು ಆಸ್ಟ್ರೇಲಿಯಾದ ಕೊಜಿಯಸ್ಕೊ ನ್ಯಾಷನಲ್ ಪಾರ್ಕಿನ ಉತ್ತರ ಭಾಗಕ್ಕೆ, ಲಾಂಗ್ ಪ್ಲೇನ್ ಕಡೆಗೆ, ಕುದುರೆ ಸಮೇತ ಹೊರಟಿದ್ದೇವೆ. ನಾಲ್ಕು ರಾತ್ರಿ ಟೆಂಟು. ಕುದುರೆಗಳು ನಮ್ಮವೇ: ಬೀಜ ಒಡೆಸಿದ ಗಂಡು ಎರಡು, ಎಂಟು ವರ್ಷದ ಹೆಣ್ಣು ಒಂದು. ಸವಾರಿ ಮೂವರಿಗೂ ಬರುತ್ತದೆ. ಆದರೆ ಕಾಡುಕುದುರೆ, ಅಂದರೆ ಇಲ್ಲಿಯವರ ಬ್ರಂಬಿ, ಓಡಾಡುವ ಜಾಗದಲ್ಲಿ ರಾತ್ರಿ ತಂಗಿದ ಅನುಭವ ಯಾರಿಗೂ ಇಲ್ಲ.

ಎಷ್ಟು ಹೊತ್ತಿಗೆ, ಎಲ್ಲಿ ಕಾದರೆ ಅವು ಕಾಣುತ್ತವೆ? ಕುದುರೆ ಮೇಲಿದ್ದಾಗ ಎಷ್ಟು ಹತ್ತಿರ ಹೋಗಬಹುದು? ರಾತ್ರಿ ನಮ್ಮ ಕುದುರೆಗಳನ್ನು ಹೇಗೆ ಕಟ್ಟಬೇಕು? ಮುಂಗಾಲಿಗೆ ಹಗ್ಗ ಹಾಕಿ ಮೇಯಲು ಬಿಟ್ಟರೆ ಸಾಕು ಅಂತ ಒಬ್ಬರು ಹೇಳಿದರು. ನನಗೆ ಯಾಕೋ ಧೈರ್ಯ ಸಾಲುತ್ತಿಲ್ಲ.

ಜೀನು_ಲಗಾಮು

ಕಾಡುಕುದುರೆ ಹುಡುಕುವುದು ಕಷ್ಟದ ಕೆಲಸವಲ್ಲ. ಅವು ಸಿಕ್ಕ ಮೇಲೆ ನಿಮ್ಮ ಕುದುರೆಗಳು ನಿಮ್ಮ ಮಾತು ಕೇಳುವ ಹಾಗೆ ಇಟ್ಟುಕೊಳ್ಳುವುದೇ ಕಷ್ಟ. ತಯಾರಿಯ ಮುಕ್ಕಾಲು ಪಾಲು ಅದಕ್ಕೇ ಇರಲಿ.

ಮೊದಲು ಜಾಗ. ಅಲ್ಲಿ ಬೆಟ್ಟದ ಲೆಕ್ಕ ತಲೆಕೆಳಗು: ಮರ ಮೇಲೆ, ಬಯಲು ಕೆಳಗೆ. ರಾತ್ರಿ ತಣ್ಣನೆ ಗಾಳಿ ಇಳಿದುಬಂದು ತಗ್ಗಿನಲ್ಲಿ ನಿಲ್ಲುವುದರಿಂದ ಬಯಲಿನಲ್ಲಿ ಮರ ಬದುಕುವುದಿಲ್ಲ. ಸ್ನೋ ಗಮ್ ಮರಗಳೆಲ್ಲ ದಿಬ್ಬದ ಮೇಲೆಯೇ. ಕುದುರೆಗಳು ಮೇಯುವುದು ಈ ಎರಡೂ ಸೇರುವ ಅಂಚಿನಲ್ಲಿ. ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ಬಿಸಿಲು ಮೊದಲು ಬೀಳುವ ಇಳಿಜಾರಿನಲ್ಲಿರುತ್ತವೆ. ಜನವರಿಯಲ್ಲಿ ಬಿಸಿಲೇರಿದರೆ ಕಚ್ಚುವ ದೊಡ್ಡ ನೊಣಗಳ ಕಾಟ, ಹಾಗಾಗಿ ಗಾಳಿ ಬೀಸುವ ದಿಬ್ಬಕ್ಕೋ ಮರದ ನೆರಳಿಗೋ ಹತ್ತಿಬಿಡುತ್ತವೆ. ಸಂಜೆ ಮತ್ತೆ ತೊರೆಯ ಕಡೆ ಇಳಿಯುತ್ತವೆ. ನಡುಹಗಲು ಬಯಲೆಲ್ಲ ಸುತ್ತಿ "ಒಂದೂ ಇಲ್ಲ" ಅಂತ ವಾಪಸಾಗುವವರೇ ಜಾಸ್ತಿ. ಆ ಹೊತ್ತು ನಿಮ್ಮ ಕುದುರೆಗಳಿಗೂ ವಿಶ್ರಾಂತಿ ಕೊಡಿ.

ದಾರಿಯಲ್ಲಿ ಲದ್ದಿಯ ಗುಡ್ಡೆ ನೋಡಿಕೊಳ್ಳಿ. ಗಂಡು ಕುದುರೆಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಾಕಿ ಮೊಣಕಾಲೆತ್ತರ ಮಾಡಿರುತ್ತವೆ, ಹೆಚ್ಚಾಗಿ ಜಾಡು ಕವಲೊಡೆಯುವ ಕಡೆ. ಮೇಲ್ಗಡೆಯದು ಹಸಿರಾಗಿ ಒದ್ದೆಯಾಗಿದ್ದರೆ ಯಜಮಾನ ಹತ್ತಿರದಲ್ಲೇ ಇದ್ದಾನೆ. ಅಲ್ಲಿ ನಿಮ್ಮ ಹೆಣ್ಣು ಕುದುರೆಯನ್ನು ನಿಲ್ಲಿಸಬೇಡಿ, ಮೂಸಲೂ ಬಿಡಬೇಡಿ.

ಒಂದು ಗುಂಪು ಅಂದರೆ ಸಾಮಾನ್ಯವಾಗಿ ಒಂದು ಬೀಜದ ಕುದುರೆ, ಕೆಲವು ಹೆಣ್ಣು, ಅವುಗಳ ಮರಿಗಳು. ಮುಂದೆ ನಡೆಯುವುದು ಹಿರಿಯ ಹೆಣ್ಣು, ಗಂಡು ಹಿಂದಿನಿಂದ ಅಟ್ಟುತ್ತದೆ. ತಲೆಯನ್ನು ನೆಲದ ಮಟ್ಟಕ್ಕೆ ಇಳಿಸಿ, ಕಿವಿ ಹಿಂದಕ್ಕೆ ಮಲಗಿಸಿ, ಕತ್ತು ಹಾವಿನಂತೆ ಆಡಿಸಿದರೆ ತನ್ನ ಹೆಣ್ಣುಗಳನ್ನು ಒಟ್ಟು ಮಾಡುತ್ತಿದೆ ಎಂದರ್ಥ. ನೀವು ಅತಿ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ.

ನೇರವಾಗಿ ಅವುಗಳ ಕಡೆ ನಡೆಸಬೇಡಿ. ಅಡ್ಡಡ್ಡ ಸಾಗಿ, ನಡುನಡುವೆ ನಿಂತು, ನಿಮ್ಮ ಕುದುರೆಗಳ ಪಕ್ಕೆ ಅವಕ್ಕೆ ಕಾಣುವ ಹಾಗೆ ತಿರುಗಿಸಿ. ದೂರದಿಂದಲೇ ಕಾಣಿಸಿಕೊಂಡರೆ ಬೆದರುವುದಿಲ್ಲ, ದಿಬ್ಬದ ಮರೆಯಿಂದ ದಿಢೀರನೆ ಎದ್ದರೆ ಓಟ ಕೀಳುತ್ತವೆ. ನೂರು ಮೀಟರ್ ನನ್ನ ಗೆರೆ. ಹೆಣ್ಣು ಕುದುರೆ ಜೊತೆಗಿದ್ದರೆ ಇನ್ನೂರು. 8×42 ದುರ್ಬೀನಿನಲ್ಲಿ ಅಷ್ಟು ದೂರದಿಂದ ಮರಿಯ ಹಣೆಯ ಬೊಟ್ಟೂ ಕಾಣುತ್ತದೆ.

ಅಷ್ಟರ ಮೇಲೂ ಗಂಡು ನಿಮ್ಮತ್ತ ಬಂದರೆ? ಕತ್ತು ಕಮಾನಾಗಿಸಿ, ಬಾಲ ಎತ್ತಿ, ಮೂಗಿನಿಂದ ಜೋರಾಗಿ ಬುಸುಗುಟ್ಟಿ ಸ್ವಲ್ಪ ದೂರ ಬಂದು ನಿಲ್ಲುತ್ತದೆ. ಅದು ವಿಚಾರಣೆ, ದಾಳಿಯಲ್ಲ. ಮೂವರೂ ಒಟ್ಟಾಗಿ, ಹೆಣ್ಣನ್ನು ನಡುವೆ ಇಟ್ಟುಕೊಂಡು, ನಡಿಗೆಯಲ್ಲೇ ದೂರ ಸರಿಯಿರಿ. ಕೊನೆಯವರು ಅದರ ಮೇಲೆ ಕಣ್ಣಿಟ್ಟಿರಲಿ. ಮುಂದೊತ್ತಿದರೆ ಗಟ್ಟಿಯಾಗಿ ಕೂಗಿ, ಹಗ್ಗದ ತುದಿ ಬೀಸಿ. ಓಡಿಸಿದಿರೋ, ನಿಮ್ಮ ಕುದುರೆಗಳಿಗೂ ಅದು ಹಿಂಡಿನ ಓಟವೇ ಆಗುತ್ತದೆ, ಆಮೇಲೆ ಲಗಾಮಿಗೆ ಬೆಲೆ ಇರುವುದಿಲ್ಲ. ಕೆಳಗಂತೂ ಇಳಿಯಬೇಡಿ, ಬೀಜದ ಕುದುರೆಗೂ ಹೆಣ್ಣಿಗೂ ನಡುವೆ ನೆಲದ ಮೇಲೆ ನಿಲ್ಲುವುದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಲಾಳದಂಗಡಿ

ರಾತ್ರಿಯ ವಿಷಯ ನಾನು ಹೇಳುತ್ತೇನೆ.

ಮುಂಗಾಲಿಗೆ ಹಗ್ಗ ಹಾಕಿದ ಕುದುರೆ ನಿಂತಲ್ಲೇ ನಿಲ್ಲುತ್ತದೆ ಎಂಬುದು ಭ್ರಮೆ. ರೂಢಿಯಾದ ಕುದುರೆ ಎರಡೂ ಕಾಲು ಜೋಡಿಸಿ ಮೊಲದಂತೆ ನೆಗೆಯುತ್ತಾ ಸಾಕಷ್ಟು ವೇಗದಲ್ಲಿ ಹೋಗುತ್ತದೆ. ಹಿಂಡು ಪಕ್ಕದಲ್ಲೇ ಹಾದರೆ ಬೆಳಗಾಗುವಷ್ಟರಲ್ಲಿ ಮುಂದಿನ ಕಣಿವೆಯಲ್ಲಿರುತ್ತದೆ. ಬ್ಯಾಟರಿಯ ಕರೆಂಟ್ ಟೇಪ್ ಬೇಲಿಯನ್ನೂ ನೆಚ್ಚಿಕೊಳ್ಳಬೇಡಿ. ನಿಮ್ಮ ಕುದುರೆಗೆ ಟೇಪ್ ಅಂದರೆ ಶಾಕ್ ಅಂತ ಗೊತ್ತು, ಹೊರಗಿನಿಂದ ಬರುವ ಬೀಜದ ಕುದುರೆಗೆ ಗೊತ್ತಿಲ್ಲ. ಅದು ಟೇಪ್ ಸಮೇತ ಒಳಗೆ ಬರುತ್ತದೆ.

ಕಟ್ಟಿದ ಗಟ್ಟಿ ಯಾರ್ಡ್ (ಕಂಬಿ ಬೇಲಿಯ ಆವರಣ) ಇರುವ ಕುದುರೆ ಕ್ಯಾಂಪಿನಲ್ಲೇ ತಂಗಿ: ಘೋಸ್ಟ್ ಗಲ್ಲಿ, ಕೂಯಿನ್‌ಬಿಲ್ ಹಟ್, ಬುಲಕ್ಸ್ ಹಿಲ್, ವೇರ್ಸ್ ಯಾರ್ಡ್ಸ್ ಇವೆಲ್ಲ ಕುದುರೆಯವರಿಗಾಗಿಯೇ ಇರುವ ಕ್ಯಾಂಪುಗಳು. ಮೊದಲೇ ಬುಕ್ ಮಾಡಿ. ಜನವರಿ ಕೊನೆ ಅಂದರೆ ಶಾಲೆ ರಜೆ, ಆಸ್ಟ್ರೇಲಿಯಾ ಡೇ, ಯಾರ್ಡ್ ಖಾಲಿ ಇರುವುದಿಲ್ಲ.

ಯಾರ್ಡ್ ಒಳಗೆ ಬಿಡುವ ಮೊದಲು ಸುತ್ತ ಒಂದು ನಡಿಗೆ: ಸಡಿಲ ಕಂಬಿ, ಹೊರಚಾಚಿದ ಮೊಳೆ, ತಂತಿ ತುಂಡು, ಗೇಟಿನ ಚಿಲಕ. ಗೇಟಿಗೆ ನಿಮ್ಮದೇ ಒಂದು ಸರಪಳಿ, ಕೊಕ್ಕೆ ಹೆಚ್ಚಿಗೆ ಹಾಕಿ. ಯಾರ್ಡುಗಳು ಸಾಲಾಗಿದ್ದರೆ ಹೆಣ್ಣು ನಡುವಿನದಕ್ಕೆ, ಆಚೀಚೆ ಗಂಡುಗಳು. ಹೊರಗಿನ ಬೇಲಿಗೆ ಮೂಗು ತಾಗಿಸಲು ಅವಕಾಶವೇ ಇರಬಾರದು. ಮೂಗಿಗೆ ಮೂಗು ತಾಗಿದರೆ ಒಂದು ಕಿರುಚಾಟ, ಮುಂಗಾಲಿನ ಒಂದು ಹೊಡೆತ, ಕಾಲು ಕಂಬಿಗಳ ನಡುವೆ ಸಿಕ್ಕಿಕೊಳ್ಳುವುದು ಆಗಲೇ.

ಕಟ್ಟಲೇಬೇಕಾದರೆ ಕುದುರೆಯ ಭುಜದ ಎತ್ತರಕ್ಕೆ ಕಟ್ಟಿ, ಗಂಟಿನಿಂದ ಗಲ್ಲದವರೆಗೆ ಹಗ್ಗ 60–75 ಸೆಂಟಿಮೀಟರ್ ಸಾಕು. ಉದ್ದ ಬಿಟ್ಟರೆ ಮೇಯಲು ತಲೆ ತಗ್ಗಿಸಿದಾಗ ಮುಂಗಾಲು ದಾಟಿಹೋಗುತ್ತದೆ, ತಲೆ ಎತ್ತಿದಾಗ ಗಾಬರಿ. ಎಳೆದರೆ ಬಿಚ್ಚುವ ಗಂಟೇ ಇರಲಿ. ತಲೆಗೆ ಚರ್ಮದ ಹಾಲ್ಟರ್ ಹಾಕಿ, ಸಿಕ್ಕಿಕೊಂಡಾಗ ಚರ್ಮ ಹರಿಯುತ್ತದೆ, ನೈಲಾನ್ ಹರಿಯುವುದಿಲ್ಲ. ಹಾಲ್ಟರ್ ಮೇಲೆ ನಿಮ್ಮ ಫೋನ್ ನಂಬರ್ ಬರೆದಿರಲಿ.

ಬಯಲಿನಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಬೇಡಿ. ಅಪಾಯದಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ 406 ಮೆಗಾಹರ್ಟ್ಸ್‌ನ ಬೀಕನ್ ಒಂದು ಸವಾರರ ಮೈಮೇಲೆ ಇರಬೇಕು, ಜೀನಿನ ಚೀಲದಲ್ಲಲ್ಲ. ಕುದುರೆ ಹೋದರೆ ಚೀಲವೂ ಹೋಗುತ್ತದೆ. ಹಾಗೆಯೇ, ಬೇಸಿಗೆ ಅಂತ ತೆಳು ಸ್ಲೀಪಿಂಗ್ ಬ್ಯಾಗ್ ತಂದರೆ ಪಶ್ಚಾತ್ತಾಪ ಪಡುತ್ತೀರಿ. ಆ ತಗ್ಗುಗಳಲ್ಲಿ ಜನವರಿಯಲ್ಲೂ ನೀರು ಹೆಪ್ಪುಗಟ್ಟುವ ರಾತ್ರಿಗಳಿವೆ.

ಕೆಂಪುಮಣ್ಣು

ತುಂಬಾ ಉಪಕಾರ ಆಯ್ತು. ಹಾಗಾದರೆ ಆ ವಾರ ನಮ್ಮ ಹೆಣ್ಣು ಬೆದೆಗೆ ಬಂದರೆ? ಮನೆಯಲ್ಲೇ ಬಿಡಲು ಆಗುವುದಿಲ್ಲ, ಬೇರೆ ಕುದುರೆ ಇಲ್ಲ. ಇನ್ನೊಂದು: ಮೇವು ಏನು ಒಯ್ಯಬೇಕು? ಊರಿನ ಅಭ್ಯಾಸದಂತೆ ಹುರುಳಿ ನೆನೆಸಿ ಕೊಡೋಣ ಅಂತಿದ್ದೆ.

ವಾಗಾ_ವೆಟ್

ಹೆಣ್ಣು ಕುದುರೆಯ ಚಕ್ರ ಸುಮಾರು 21 ದಿನ, ಅದರಲ್ಲಿ ಬೆದೆ 5ರಿಂದ 7 ದಿನ. ಈಗಿನಿಂದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದರೆ ಜನವರಿ ಕೊನೆಗೆ ಎಲ್ಲಿರುತ್ತದೆ ಎಂದು ತಿಳಿಯುತ್ತದೆ. ಪ್ರವಾಸದ ದಿನಗಳಿಗೇ ಬಿದ್ದರೆ ತಾರೀಖು ಬದಲಿಸುವುದೇ ಸುಲಭದ ಔಷಧಿ. ಅದು ಆಗದಿದ್ದರೆ ನಿಮ್ಮ ವೆಟ್ ಬೆದೆ ತಡೆಯುವ ಹಾರ್ಮೋನು ಔಷಧಿ ಆಲ್ಟ್ರೆನೊಜೆಸ್ಟ್ ಬರೆದುಕೊಡಬಹುದು, ದಿನಾ ಬಾಯಿಗೆ ಹಾಕುವ ಎಣ್ಣೆಯಂಥ ದ್ರವ. ಹೊರಡುವ ಹಿಂದಿನ ದಿನ ಶುರು ಮಾಡಿದರೆ ಪ್ರಯೋಜನವಿಲ್ಲ, ಮುಂಚೆಯೇ ಕೇಳಿ. ಕೈಗವಸು ಕಡ್ಡಾಯ: ಚರ್ಮದ ಮೂಲಕ ಮೈಗೆ ಇಳಿಯುತ್ತದೆ, ಗರ್ಭಿಣಿಯರು ಬಾಟಲಿಯನ್ನೂ ಮುಟ್ಟಬಾರದು.

ಹುರುಳಿ ಬೇಡ ಸರ್. ಪೌಷ್ಟಿಕತೆಯ ತಕರಾರಲ್ಲ, ಇಡೀ ಕಾಳು ಜೀರ್ಣವಾಗದೆ ಲದ್ದಿಯಲ್ಲಿ ಬಂದರೆ ಪಾರ್ಕಿನಲ್ಲಿ ಮೊಳೆಯುವ ಭಯ. ಬೀಜ ಬೆರೆತ ಒಣಹುಲ್ಲೂ ಅದೇ ಕಾರಣಕ್ಕೆ ಬೇಡ. ಪೆಲೆಟ್ ಅಥವಾ ಕ್ಯೂಬ್ ಒಯ್ಯಿರಿ. 450 ಕಿಲೋ ತೂಕದ ಕುದುರೆಗೆ ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು, ಅಂದರೆ 7ರಿಂದ 9 ಕಿಲೋ. ಮೂರು ಕುದುರೆಗೆ ಐದು ದಿನಕ್ಕೆ ಲೆಕ್ಕ ಹಾಕಿದರೆ ನೂರು ಕಿಲೋ ದಾಟುತ್ತದೆ, ಆದ್ದರಿಂದ ಮೇವನ್ನು ಗಾಡಿಯಲ್ಲೇ ಕ್ಯಾಂಪಿಗೆ ತಂದು ಅಲ್ಲಿಂದ ದಿನಾ ಸವಾರಿ ಹೋಗಿಬರುವ ಹಾಗೆ ಯೋಜನೆ ಮಾಡಿ. ಹೊಸ ಮೇವಿಗೆ 7–10 ದಿನ ಮೊದಲಿನಿಂದ ಸ್ವಲ್ಪ ಸ್ವಲ್ಪ ಬದಲಿಸುತ್ತಾ ಬನ್ನಿ. ಒಮ್ಮೆಲೇ ಬದಲಿಸಿದರೆ ಹೊಟ್ಟೆನೋವು, ಅದೂ ವೆಟ್ ಇಲ್ಲದ ಬೆಟ್ಟದಲ್ಲಿ. ಕೊನೆಯ ಎರಡು ಮೂರು ದಿನ ಪೂರ್ತಿ ಬೀಜರಹಿತ ಮೇವೇ ಆಗಿದ್ದರೆ ಹೊಟ್ಟೆಯಲ್ಲಿ ಉಳಿದದ್ದೆಲ್ಲ ಮನೆಯಲ್ಲೇ ಖಾಲಿಯಾಗುತ್ತದೆ.

ಗೊರಸು ಕೆರೆದು ತೊಳೆದು, ಜೀನಿನ ಕೆಳಗಿನ ಬಟ್ಟೆ ಕೊಡವಿ, ಟ್ರೈಲರಿನ ನೆಲ ಗುಡಿಸಿಯೇ ಹೊರಡಿ. ಆರೆಂಜ್ ಹಾಕ್‌ವೀಡ್, ಆಕ್ಸ್-ಐ ಡೈಸಿ ಎರಡೂ ಕಳೆಗಳು ಆ ಉತ್ತರ ಭಾಗದಲ್ಲೇ ಬೇರೂರಿವೆ. ಆದ್ದರಿಂದ ವಾಪಸ್ ಬರುವಾಗಲೂ ಅಷ್ಟೇ ಶುಚಿ. ಮನೆಗೆ ಬಂದ ಮೇಲೆ ಎರಡು ವಾರ ಬೇರೆ ಕುದುರೆಗಳಿಂದ ದೂರ ಇಟ್ಟು ಜ್ವರ, ಮೂಗಿನ ಕೀವು, ಗಂಟಲ ಊತ ನೋಡಿಕೊಳ್ಳಿ. ಸ್ಟ್ರ್ಯಾಂಗಲ್ಸ್ ಎಂಬ ಕುದುರೆಗಳ ಗಂಟಲ ಸೋಂಕು ಹರಡುವುದು ಮೂಗಿನಿಂದ ಮೂಗಿಗೆ, ಹಂಚಿಕೊಂಡ ನೀರಿನ ತೊಟ್ಟಿಯಿಂದ.

ಪಾಚಿಗುಡ್ಡ

ಇಷ್ಟೆಲ್ಲ ಮಾತಿನ ನಡುವೆ ಒಂದು ವಿಷಯ ಬಿಟ್ಟುಹೋಗಿದೆ. ಹಳೆಯ ಫೋಟೋಗಳಲ್ಲಿರುವಂತೆ ಬಯಲು ತುಂಬಾ ಕುದುರೆ ಕಾಣುತ್ತವೆ ಎಂದುಕೊಂಡು ಹೋಗಬೇಡಿ. 2022ರ ಎಣಿಕೆಯ ಅಂದಾಜು 18,814. ಕುದುರೆಗಳ ಸಂಖ್ಯೆ ತಗ್ಗಿಸುವ 2021ರ ಸರ್ಕಾರಿ ಯೋಜನೆಯ ಗುರಿ 2027ರ ಜೂನ್ ಹೊತ್ತಿಗೆ 3,000, ಅದೂ ಪಾರ್ಕಿನ ಮೂರನೇ ಒಂದು ಭಾಗದಷ್ಟು ಜಾಗದಲ್ಲಿ ಮಾತ್ರ. 2023ರ ಅಕ್ಟೋಬರಿನಲ್ಲಿ ಹೆಲಿಕಾಪ್ಟರಿನಿಂದ ಗುಂಡು ಹಾರಿಸಲು ಒಪ್ಪಿಗೆ ಸಿಕ್ಕ ಮೇಲೆ ಸಂಖ್ಯೆ ಬಹಳ ಇಳಿದಿದೆ. ಆ ಕಾರ್ಯಾಚರಣೆ ನಡೆಯುವಾಗ ಪಾರ್ಕಿನ ಭಾಗಗಳನ್ನು ಮುಚ್ಚುತ್ತಾರೆ, ಹೊರಡುವ ಬೆಳಿಗ್ಗೆ ಪಾರ್ಕಿನ ಎಚ್ಚರಿಕೆ ಪುಟ ನೋಡಿ.

ಸಿಟ್ಟಾಗಬೇಡಿ, ಇಳಿದದ್ದು ಒಳ್ಳೆಯದೇ ಎನ್ನುವ ಪಕ್ಷ ನನ್ನದು. ಲಾಂಗ್ ಪ್ಲೇನಿನ ತೊರೆಯ ದಂಡೆ ನೋಡಿದರೆ ಸಾಕು: ಸ್ಫ್ಯಾಗ್ನಮ್ ಪಾಚಿ ಸ್ಪಂಜಿನಂತೆ ನೀರು ಹಿಡಿದಿಡಬೇಕಾದ ಕಡೆ ಗೊರಸು ತುಳಿದು ಕರಿ ಕೆಸರು. ಕೊರೊಬೊರಿ ಕಪ್ಪೆ ಮೊಟ್ಟೆಯಿಡುವುದು ಅಂಥ ಪಾಚಿಯಲ್ಲೇ. ನಿಮ್ಮ ಕುದುರೆಗೂ ಇದೇ ಮಾತು ಅನ್ವಯ. ನೀರು ಕುಡಿಸಲು ಕಲ್ಲಿನ ತಳವಿರುವ ದಾಟುಜಾಗಕ್ಕೇ ಕರೆದೊಯ್ಯಿರಿ, ಇಲ್ಲವಾದರೆ ಮಡಚುವ ಬಕೆಟ್. ಪಾಚಿಯ ಮೇಲೆ ನಡೆಸಿದರೆ ಹೊಟ್ಟೆಮಟ್ಟ ಹೂತುಕೊಳ್ಳುವ ಜಾಗಗಳೂ ಇವೆ.

ಜೀನು_ಲಗಾಮು

@ಪಾಚಿಗುಡ್ಡ ಒಪ್ಪುತ್ತೇನೆ, ಅರ್ಧ. ಆ ಬೆಟ್ಟಗಳಲ್ಲಿ ಬ್ರಂಬಿ ಹಿಡಿದು ಪಳಗಿಸುವ ಕೆಲಸಕ್ಕೂ ದೊಡ್ಡ ಇತಿಹಾಸ ಇದೆ. ನ್ಯೂ ಸೌತ್ ವೇಲ್ಸಿನ ವೇಲರ್ ಕುದುರೆಗಳು ಹಡಗು ಹತ್ತಿ ಮದ್ರಾಸು, ಕಲ್ಕತ್ತೆಗೆ ಬಂದು ಬ್ರಿಟಿಷ್ ಭಾರತದ ಅಶ್ವದಳ ಸೇರುತ್ತಿದ್ದವಲ್ಲ, ಅದೂ ಇದೇ ಕುದುರೆ ನಾಡಿನ ಕಥೆ. ಆ ವಾದಕ್ಕೆ ಬೇರೆ ಎಳೆ ತೆರೆಯೋಣ.

ಬೆಳಕಿನಕಿಂಡಿ

ಫೋಟೋ ಬಗ್ಗೆ ಯಾರೂ ಹೇಳಲಿಲ್ಲ. 100–400 ಲೆನ್ಸ್ ಸಾಕು, ಅದಕ್ಕಿಂತ ಉದ್ದದ್ದನ್ನು ಜೀನಿನ ಮೇಲೆ ಕೂತು ಹಿಡಿಯಲಾಗದು. ನಿಂತ ಕುದುರೆಯೂ ಉಸಿರಾಡುತ್ತದೆ, ಬಾಲ ಬೀಸುತ್ತದೆ, ಕಾಲು ಬದಲಿಸುತ್ತದೆ. ಆದ್ದರಿಂದ ಶಟರ್ 1/1000ಕ್ಕಿಂತ ಕೆಳಗೆ ಬೇಡ, ಐಎಸ್ಒ ಏರಿದರೆ ಏರಲಿ.

ಮುಖ್ಯ ಎಚ್ಚರಿಕೆ ಶಬ್ದದ್ದು. ವೆಲ್ಕ್ರೋ ಚೀಲ ಕಿತ್ತಾಗ ಬರುವ 'ಚರ್ರ್' ಸದ್ದಿಗೆ ನಿಮ್ಮ ಕುದುರೆಯೇ ಮೊದಲು ಬೆಚ್ಚುತ್ತದೆ. ಜಿಪ್ಪಿನ ಚೀಲ ತನ್ನಿ, ಪಟ್ಟಿಯ ಜೋಲುವ ತುದಿಗಳನ್ನು ಟೇಪಿನಿಂದ ಅಂಟಿಸಿ. ಮಳೆಕೋಟನ್ನು ಸವಾರಿ ಮೇಲೆ ಹಾಕಿಕೊಳ್ಳುವುದನ್ನು ಮನೆಯಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿಸಿ. ಒಬ್ಬರು ಫೋಟೋ ತೆಗೆಯುವಾಗ ಇನ್ನಿಬ್ಬರು ತೆಗೆಯಬಾರದು, ಅವರ ಕಣ್ಣು ಕುದುರೆಗಳ ಕಿವಿಯ ಮೇಲಿರಲಿ. ಮೂರೂ ಕುದುರೆಗಳ ಕಿವಿ ಒಂದೇ ದಿಕ್ಕಿಗೆ ನೆಟ್ಟವೆಂದರೆ ನಿಮಗೆ ಕಾಣದ ಗುಂಪು ಆ ಮರಗಳ ಹಿಂದಿದೆ. ಲಗಾಮನ್ನು ಕೈಗೆ ಸುತ್ತಿಕೊಳ್ಳಬೇಡಿ. ಡ್ರೋನ್ ಬೇಡ, ಪಾರ್ಕಿನಲ್ಲಿ ಅನುಮತಿ ಬೇಕು, ಕುದುರೆಗಳೂ ದಿಕ್ಕಾಪಾಲಾಗುತ್ತವೆ.

ಲಾಳದಂಗಡಿ

ದಾರಿಯ ಬಗ್ಗೆ ಎರಡು ಮಾತು. ಕೂಮಾ, ಅಡಾಮಿನಬಿ ಮೇಲೆ ಬನ್ನಿ, ಅಡಾಮಿನಬಿಯಲ್ಲೇ ಡೀಸೆಲ್ ತುಂಬಿಸಿ. ಟಾಂಟಂಗರಾ ರಸ್ತೆಯಲ್ಲಿ ಸ್ನೋಯಿ 2.0 ಜಲವಿದ್ಯುತ್ ಕಾಮಗಾರಿಯ ಭಾರಿ ಲಾರಿಗಳು ಓಡುತ್ತವೆ, ಆ ಕಡೆ ಸವಾರಿ ಇಟ್ಟುಕೊಳ್ಳಬೇಡಿ. ಲಾಂಗ್ ಪ್ಲೇನ್ ರಸ್ತೆ ಜೂನ್ ಲಾಂಗ್ ವೀಕೆಂಡಿನಿಂದ ಅಕ್ಟೋಬರ್ ಲಾಂಗ್ ವೀಕೆಂಡಿನವರೆಗೆ ಮುಚ್ಚಿರುತ್ತದೆ. ಜನವರಿಯಲ್ಲಿ ತೊಂದರೆಯಿಲ್ಲ, ಆದರೆ ಮಣ್ಣಿನ ರಸ್ತೆ, ಟ್ರೈಲರ್ ಎಳೆಯುವಾಗ ಮಳೆ ಬಂದ ಮರುದಿನ ನಿಧಾನ.

ಕಿಯಾಂಡ್ರಾದ ಆಸುಪಾಸು ಹೆದ್ದಾರಿಯನ್ನು ಕತ್ತಲಾಗುವ ಮುಂಚೆಯೇ ದಾಟಿ. ಸಂಜೆ ಬ್ರಂಬಿಗಳು ರಸ್ತೆಯ ಅಂಚಿನ ಹುಲ್ಲಿಗೆ ಬರುತ್ತವೆ. ಮೈಬಣ್ಣ ಗಾಢವಾದರೆ ಹೆಡ್‌ಲೈಟಿಗೆ ಕಾಣುವುದೇ ತಡ, ಕಾಂಗರೂಗಿಂತ ಎತ್ತರವಾದ್ದರಿಂದ ಕಾರಿನ ಬಾನೆಟ್ ದಾಟಿ ನೇರ ಗಾಜಿಗೇ ಬೀಳುತ್ತವೆ. ಎರಡು ಟನ್ ಟ್ರೈಲರ್ ಹಿಂದಿದ್ದಾಗ ಬ್ರೇಕು ಹಿಡಿಯುವ ದೂರ ಎಷ್ಟೆಂದು ನಿಮಗೇ ಗೊತ್ತು. ಮಧ್ಯಾಹ್ನ ಎರಡರೊಳಗೆ ಕ್ಯಾಂಪ್ ತಲುಪುವ ಹಾಗೆ ಹೊರಡಿ, ಯಾರ್ಡ್ ಪರೀಕ್ಷಿಸಲು ಹಗಲು ಉಳಿಯುತ್ತದೆ.