ಎರಡೂ ಎಕಾನಮಿ ಟಿಕೆಟ್ಟೇ ಆದರೂ ದರ ಬೇರೆ ಏಕೆ? ಪಾಯಿಂಟ್ ಬಳಸಿ ಅಪ್‌ಗ್ರೇಡ್ ಮಾಡಿಸಲು ಯಾವುದನ್ನು ಕೊಳ್ಳಬೇಕು?

ಶಿಡ್ಲಘಟ್ಟದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಶಿಕ್ಷಕ. ಲಂಡನ್ನಿನಲ್ಲಿರುವ ಮಗಳ ಮನೆಗೆ ಮೊಮ್ಮಗುವಿನ ನಾಮಕರಣಕ್ಕೆಂದು ನಾನೂ ನನ್ನ ಶ್ರೀಮತಿಯೂ ಹೊರಟಿದ್ದೇವೆ. ದೇವನಹಳ್ಳಿಯ ವಿಮಾನ ನಿಲ್ದಾಣ ನಮಗೆ ಹತ್ತಿರವೇ ಇದೆ. ಯೋಚನೆ ಇರುವುದು ಅಲ್ಲಿಂದ ಮುಂದಿನ ಹತ್ತು ಗಂಟೆಗೂ ಮೀರಿದ ಪ್ರಯಾಣದ ಬಗ್ಗೆ. ಶ್ರೀಮತಿಗೆ ಮೊಣಕಾಲು ನೋವಿದ್ದು, ಕಾಲು ಮಡಿಸಿಕೊಂಡು ಬಹಳ ಹೊತ್ತು ಕೂರಲಾಗುವುದಿಲ್ಲ. ಮಗಳ ಬಳಿ ಬ್ರಿಟಿಷ್ ಏರ್‌ವೇಸ್‌ನ ಏವಿಯೋಸ್ ಪಾಯಿಂಟ್‌ಗಳಿವೆ. "ನೀವು ಎಕಾನಮಿ ಟಿಕೆಟ್ ತೆಗೆಸಿ, ನಾನು ಇಲ್ಲಿಂದಲೇ ಪಾಯಿಂಟ್ ಕೊಟ್ಟು ಮೇಲಿನ ದರ್ಜೆಗೆ ಅಪ್‌ಗ್ರೇಡ್ ಮಾಡಿಸುತ್ತೇನೆ" ಎಂದು ಆಕೆ ಹೇಳುತ್ತಾಳೆ. ಚಿಕ್ಕಬಳ್ಳಾಪುರದ ಏಜೆಂಟರನ್ನು ವಿಚಾರಿಸಿದಾಗ ಅವರು ಎರಡು ಹಾಳೆಗಳನ್ನು ಮುದ್ರಿಸಿ ಕೊಟ್ಟರು. ಎರಡರಲ್ಲೂ ಅದೇ ವಿಮಾನ, ಅದೇ ದಿನ, ಅದೇ ಎಕಾನಮಿ. ಒಂದರಲ್ಲಿ ಎಕಾನಮಿ ಎಂಬುದರ ಪಕ್ಕದಲ್ಲಿ 'ಓ' ಎಂದೂ ಇನ್ನೊಂದರಲ್ಲಿ 'ಎಂ' ಎಂದೂ ಇದೆ. ಎಂ ಎಂದಿರುವ ಟಿಕೆಟ್ಟಿಗೆ ತಲೆಗೆ ಸುಮಾರು ₹16,000 ಹೆಚ್ಚು. ಕೂರುವ ಸೀಟು, ಕೊಡುವ ಊಟ ಎರಡೂ ಒಂದೇ ಆಗಿರುವಾಗ ಈ ಒಂದು ಅಕ್ಷರಕ್ಕೆ ಇಷ್ಟು ಹಣ ತೆರಬೇಕೇ ಎಂಬುದು ನನ್ನ ಪ್ರಶ್ನೆ. ತಿಳಿದವರು ದಯವಿಟ್ಟು ವಿವರಿಸಿ.

ಬಿ.ಬಿ. ರಸ್ತೆ ಟಿಕೆಟ್ ಕೌಂಟರ್:

ಮೇಷ್ಟ್ರೇ, ನಾನು ಇದೇ ವ್ಯವಹಾರದಲ್ಲಿರುವವನು. ನಿಮ್ಮ ಏಜೆಂಟ್ ನಾನಲ್ಲ, ಆದ್ದರಿಂದ ಮುಲಾಜಿಲ್ಲದೆ ಬರೆಯುತ್ತೇನೆ. ಎಕಾನಮಿ ಎನ್ನುವುದು ನೀವು ಕೂರುವ ಜಾಗವನ್ನು ಮಾತ್ರ ಹೇಳುತ್ತದೆ. ಪಕ್ಕದ ಅಕ್ಷರ ಹೇಳುವುದು ನೀವು ಯಾವ ದರಕ್ಕೆ, ಯಾವ ಷರತ್ತುಗಳಿಗೆ ಒಪ್ಪಿ ಆ ಜಾಗವನ್ನು ಕೊಂಡಿರಿ ಎಂಬುದನ್ನು. ಅಮೆರಿಕನ್ ಏರ್‌ಲೈನ್ಸ್ 1977ರಲ್ಲಿ ಸೂಪರ್ ಸೇವರ್ ಎಂಬ ದರವನ್ನು ತಂದು, ಮುಂಗಡವಾಗಿ ಕೊಳ್ಳುವವರಿಗೆ ಷರತ್ತಿನ ಮೇಲೆ ಅಗ್ಗದ ಟಿಕೆಟ್ ಕೊಡತೊಡಗಿತು. ಒಂದೇ ಸಾಲಿನ ಸೀಟುಗಳನ್ನು ಹತ್ತಾರು ದರಗಳಿಗೆ ಮಾರುವ ಕಲೆ ಅಲ್ಲಿಂದೀಚೆಗೆ ಎಲ್ಲ ಸಂಸ್ಥೆಗಳಿಗೂ ಕರಗತವಾಗಿದೆ.

ಬ್ರಿಟಿಷ್ ಏರ್‌ವೇಸ್ ತನ್ನ ಎಕಾನಮಿಯನ್ನು ವೈ, ಬಿ, ಎಚ್, ಕೆ, ಎಂ, ಎಲ್, ವಿ, ಎಸ್, ಎನ್, ಕ್ಯೂ, ಓ, ಜಿ ಎಂಬ ಅಕ್ಷರಗಳಲ್ಲಿ ಮಾರುತ್ತದೆ. ವೈ ಪೂರ್ತಿ ದರದ್ದು. ಕೊನೆಯ ಮೂರು ಅಗ್ಗದವು. ನಮ್ಮ ಪರದೆಯ ಮೇಲೆ ಒಂದು ವಿಮಾನದ ಸಾಲು ಸಾಮಾನ್ಯವಾಗಿ ಹೀಗೆ ಕಾಣುತ್ತದೆ: ವೈ9 ಬಿ9 ಎಚ್9 ಕೆ9 ಎಂ7 ಎಲ್4 ವಿ1 ಎಸ್0 ಎನ್0 ಕ್ಯೂ0. ಒಂಬತ್ತು ಎಂದರೆ ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಎಂದರ್ಥ. ಪರದೆ ಅದಕ್ಕೂ ಮೇಲಿನ ಅಂಕಿಯನ್ನು ತೋರಿಸುವುದಿಲ್ಲ. ಸೊನ್ನೆ ಇದ್ದರೆ ಆ ದರದಲ್ಲಿ ಮಾರಾಟ ನಿಂತಿದೆ ಎಂದು ತಿಳಿಯಬೇಕೇ ಹೊರತು ವಿಮಾನ ಭರ್ತಿಯಾಗಿದೆ ಎಂದಲ್ಲ. ಈ ಅಂಕಿಗಳನ್ನು ಕೂಡಿಸಿ ಸೀಟು ಲೆಕ್ಕ ಹಾಕುವಂತಿಲ್ಲ, ಏಕೆಂದರೆ ಎಲ್ ಅಕ್ಷರದ ನಾಲ್ಕೂ ಎಂ ಅಕ್ಷರದ ಏಳರೊಳಗೇ ಸೇರಿರುತ್ತವೆ. ಇನ್ನೊಂದು ಸೂಕ್ಷ್ಮವಿದೆ: ಮೇಲಿನ ಸಾಲಿನಲ್ಲಿ ವಿ ಒಂದೇ ಉಳಿದಿದೆ. ಇಬ್ಬರಿಗೆ ಒಟ್ಟಿಗೆ ಕೇಳಿದರೆ ಇಬ್ಬರಿಗೂ ಎಲ್ ದರವೇ ಬರುತ್ತದೆ. ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಕೇಳಿದರೆ ಒಬ್ಬರಿಗಾದರೂ ಕಡಿಮೆ ದರ ಸಿಗುತ್ತದೆ.

ಈಗ ನಿಮ್ಮ ವಿಷಯ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಕ್ಯೂ, ಓ, ಜಿ ಅಕ್ಷರದ ಟಿಕೆಟ್ಟನ್ನು ಏವಿಯೋಸ್ ಬಳಸಿ ಅಪ್‌ಗ್ರೇಡ್ ಮಾಡಲು ಬರುವುದಿಲ್ಲ. ಮಗಳ ಖಾತೆಯಲ್ಲಿ ಎಷ್ಟೇ ಪಾಯಿಂಟ್ ಇದ್ದರೂ ಓ ಟಿಕೆಟ್ ಇದ್ದಲ್ಲಿಯೇ ಇರುತ್ತದೆ. ಹಾಗೆಂದು ಎಂ ತನಕ ಏರಬೇಕಾಗಿಯೂ ಇಲ್ಲ. ಎನ್ ಅಥವಾ ಎಸ್ ಸಿಕ್ಕರೂ ಸಾಕು. "ಅಪ್‌ಗ್ರೇಡ್‌ಗೆ ಒಪ್ಪುವ ಅತಿ ಕಡಿಮೆ ಅಕ್ಷರ ಯಾವುದು, ಅದು ನಮ್ಮ ದಿನಕ್ಕೆ ತೆರೆದಿದೆಯೇ" ಎಂದು ಏಜೆಂಟರನ್ನು ಕೇಳಿ. ಬಹುಶಃ ಅವರು ಎನ್, ಎಸ್‌ಗಳನ್ನು ನೋಡದೆ ಎಂಗೆ ಹಾರಿರಬಹುದು, ಅಥವಾ ನಡುವಿನವು ಮುಗಿದಿರಬಹುದು. ಹೋಗುವ ದಾರಿಗೂ ಬರುವ ದಾರಿಗೂ ಅಕ್ಷರ ಬೇರೆಬೇರೆ ಇರಬಹುದು ಎಂಬುದು ನೆನಪಿರಲಿ. ದರದ ನಿಯಮ ಒಪ್ಪುವುದಾದರೆ ಒಂದು ದಿಕ್ಕಿಗೆ ಎನ್, ಇನ್ನೊಂದಕ್ಕೆ ಓ ಎಂದು ಜೋಡಿಸಿಕೊಳ್ಳಲೂ ಬರುತ್ತದೆ.

ಈ ಪಟ್ಟಿಯನ್ನು ಬೇರೆ ಸಂಸ್ಥೆಗಳಿಗೆ ಹೊಂದಿಸಿ ನೋಡಬೇಡಿ. ಯುನೈಟೆಡ್‌ನಲ್ಲಿ ಎನ್ ಎಂದರೆ ಬೇಸಿಕ್ ಎಕಾನಮಿ, ಅಂದರೆ ಎಲ್ಲಕ್ಕಿಂತ ಕಟ್ಟುಪಾಡು ಹೆಚ್ಚಿರುವ ದರ. ಡೆಲ್ಟಾದಲ್ಲಿ ಆ ಸ್ಥಾನ ಇ ಅಕ್ಷರಕ್ಕೆ. ಅದೇ ಇ ಬ್ರಿಟಿಷ್ ಏರ್‌ವೇಸ್‌ನಲ್ಲಿ ಎಕಾನಮಿಗಿಂತ ಒಂದು ಮೆಟ್ಟಿಲು ಮೇಲಿನ ಪ್ರೀಮಿಯಂ ಎಕಾನಮಿಯದ್ದು.

ಚಿಂತಾಮಣಿಯವಳು:

ಕೌಂಟರ್‌ನವರು ಅಕ್ಷರದ ವಿಷಯವನ್ನು ಸರಿಯಾಗಿಯೇ ಹೇಳಿದ್ದಾರೆ. ಆದರೆ ಮೇಷ್ಟ್ರು ಹಣ ಕಟ್ಟುವ ಮುನ್ನ ತಿಳಿಯಲೇಬೇಕಾದ ಇನ್ನೊಂದು ಮಾತಿದೆ. ಏವಿಯೋಸ್ ಅಪ್‌ಗ್ರೇಡ್ ಒಂದು ಮೆಟ್ಟಿಲು ಮಾತ್ರ ಏರಿಸುತ್ತದೆ. ಎಕಾನಮಿಯಿಂದ ಪ್ರೀಮಿಯಂ ಎಕಾನಮಿಗೆ ಹೋಗಬಹುದೇ ಹೊರತು, ಕಾಲು ಚಾಚಿ ಮಲಗುವ ಬಿಸಿನೆಸ್ ದರ್ಜೆಗೆ ನೇರವಾಗಿ ಹೋಗಲಾಗುವುದಿಲ್ಲ. ಪ್ರೀಮಿಯಂನಲ್ಲಿ ಸಾಲಿನಿಂದ ಸಾಲಿಗೆ 38 ಇಂಚು, ಎಕಾನಮಿಯಲ್ಲಿ 31 ಇಂಚು. ಮೊಣಕಾಲಿಗೆ ಆ ಏಳು ಇಂಚು ಖಂಡಿತ ದೊಡ್ಡದು, ಆದರೆ ಅದು ಹಾಸಿಗೆಯಲ್ಲ. ಅಮ್ಮನವರು ಮಲಗಿಯೇ ಹೋಗಬೇಕೆಂದಿದ್ದರೆ ಪ್ರೀಮಿಯಂ ಎಕಾನಮಿ ಟಿಕೆಟ್ಟನ್ನೇ ಕೊಂಡು, ಪಾಯಿಂಟ್‌ನಿಂದ ಬಿಸಿನೆಸ್‌ಗೆ ಏರಿಸಬೇಕು. ಅಲ್ಲಿನ ಡಬ್ಲ್ಯು, ಇ, ಟಿ ಮೂರೂ ಅಕ್ಷರಗಳು ಅಪ್‌ಗ್ರೇಡ್‌ಗೆ ಒಪ್ಪುತ್ತವೆ. ಪಾಯಿಂಟ್‌ಗೆ ಹೆಚ್ಚಿನ ಬೆಲೆ ಬರುವುದೂ ಆ ಮೆಟ್ಟಿಲಿನಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಅಕ್ಷರ ಸರಿಯಿದ್ದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಮೇಲಿನ ದರ್ಜೆಯಲ್ಲಿ ಸಂಸ್ಥೆಯು ಪಾಯಿಂಟ್‌ಗೆಂದೇ ಬಿಟ್ಟಿರುವ ಸೀಟು ಆ ದಿನ ಇರಬೇಕು. ಹಣಕ್ಕೆ ಮಾರಲು ಸೀಟು ಖಾಲಿ ಕಂಡರೂ ಪಾಯಿಂಟ್‌ಗೆ ಅದು ಸಿಗದೇ ಹೋಗಬಹುದು. ಆದ್ದರಿಂದ ಮಗಳು ಮೊದಲು ತನ್ನ ಖಾತೆಯಿಂದ ಆ ದಿನಾಂಕಕ್ಕೆ ಮೇಲಿನ ದರ್ಜೆಯ ರಿವಾರ್ಡ್ ಸೀಟು ಎರಡು ಇವೆಯೇ ಎಂದು ನೋಡಲಿ. ಇದ್ದರೆ ಮಾತ್ರ ನೀವು ದುಬಾರಿ ಅಕ್ಷರಕ್ಕೆ ಹಣ ಕೊಡಿ. ಈ ಸೀಟುಗಳು ಪ್ರಯಾಣಕ್ಕೆ 355 ದಿನ ಮುಂಚೆಯೇ ತೆರೆಯುವುದರಿಂದ, ನಾಮಕರಣದಂತಹ ದಿನಾಂಕ ಬದಲಿಸಲಾಗದ ಪ್ರಯಾಣಗಳಲ್ಲಿ ಕೊನೆಗೆ ಉಳಿದಿರುವುದು ಕಡಿಮೆ. ಮಗಳದ್ದು ಹೌಸ್‌ಹೋಲ್ಡ್ ಖಾತೆ, ಅಂದರೆ ಒಂದೇ ಮನೆಯವರು ಪಾಯಿಂಟ್ ಕೂಡಿಸಿಕೊಳ್ಳುವ ಖಾತೆಯಾಗಿದ್ದರೆ, ಪಾಯಿಂಟ್ ಯಾರಿಗೆ ಬಳಸಬಹುದು ಎಂಬ ಅದರ ಪಟ್ಟಿಗೆ ನಿಮ್ಮಿಬ್ಬರ ಹೆಸರನ್ನೂ ಸೇರಿಸಿರಬೇಕು.

ತೆರಿಗೆಯ ವ್ಯತ್ಯಾಸವನ್ನು ಪಾಯಿಂಟ್‌ನಲ್ಲಿ ಅಲ್ಲ, ಹಣದಲ್ಲಿಯೇ ಕಟ್ಟಬೇಕು. ಲಂಡನ್ನಿನಿಂದ ಹೊರಡುವ ಪ್ರಯಾಣಿಕರ ಮೇಲೆ ಬ್ರಿಟನ್ ಸರ್ಕಾರ ಏರ್ ಪ್ಯಾಸೆಂಜರ್ ಡ್ಯೂಟಿ ಹಾಕುತ್ತದೆ. ಭಾರತದಷ್ಟು ದೂರಕ್ಕೆ ಅದು ಎಕಾನಮಿಗೆ ಒಂದು ದರ, ಮೇಲಿನ ದರ್ಜೆಗೆ ಅದರ ಎರಡರಷ್ಟಕ್ಕೂ ಹೆಚ್ಚು. ಹೋಗುವಾಗ ಮಾತ್ರ ಅಪ್‌ಗ್ರೇಡ್ ಮಾಡಿಸಿದರೆ ಆ ಹೊರೆ ಇರುವುದಿಲ್ಲ.

ಗೌರಿಬಿದನೂರು ಹಳಬ:

ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ಇಬ್ಬರಿಗೆ ₹32,000 ಹೆಚ್ಚು ಕೊಟ್ಟರೆ ಸಿಗುವುದು ಅಪ್‌ಗ್ರೇಡ್ ಕೇಳುವ ಅರ್ಹತೆ ಮಾತ್ರ. ಆಮೇಲೆ ಪಾಯಿಂಟ್ ಬೇರೆ, ತೆರಿಗೆಯ ವ್ಯತ್ಯಾಸ ಬೇರೆ. ಇಷ್ಟೆಲ್ಲ ಸೇರಿಸಿದ ಮೊತ್ತವನ್ನು ಪ್ರೀಮಿಯಂ ಎಕಾನಮಿಯ ನೇರ ದರದ ಪಕ್ಕದಲ್ಲಿಟ್ಟು ನೋಡದೆ ತೀರ್ಮಾನ ಮಾಡಬೇಡಿ. ನೇರವಾಗಿ ಕೊಳ್ಳುವಾಗ ಜಿಎಸ್‌ಟಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು: ಎಕಾನಮಿಗೆ 5 ಪ್ರತಿಶತ, ಉಳಿದ ದರ್ಜೆಗಳಿಗೆ 2025ರ ಸೆಪ್ಟೆಂಬರ್ 22ರಿಂದ 18 ಪ್ರತಿಶತ. ಏಜೆಂಟರು ತೋರಿಸುವ ಮೂಲ ದರದಲ್ಲಿ ಇದು ಕಾಣುವುದಿಲ್ಲ.

ಪಾಯಿಂಟ್ ಇಲ್ಲದೆಯೂ ದಾರಿಗಳಿವೆ. ಟಿಕೆಟ್ ಕೊಂಡ ಮೇಲೆ ಸಂಸ್ಥೆಗಳು ತಮ್ಮ ಆ್ಯಪ್‌ನಲ್ಲಿಯೋ ಚೆಕ್‌ಇನ್ ವೇಳೆಯಲ್ಲಿಯೋ ಹಣಕ್ಕೆ ಅಪ್‌ಗ್ರೇಡ್ ಕೊಡುವುದುಂಟು. ಇನ್ನು ಕೆಲವು ಸಂಸ್ಥೆಗಳು ಹರಾಜಿನಂತೆ ಬಿಡ್ ಹಾಕಲು ಬಿಡುತ್ತವೆ. ಆದರೆ ಬಿಡ್ ಸಾಮಾನ್ಯವಾಗಿ ಒಂದು ಬುಕಿಂಗ್‌ನಲ್ಲಿರುವ ಎಲ್ಲರಿಗೂ ಅನ್ವಯಿಸುವುದರಿಂದ, ಒಬ್ಬರಿಗೆ ಮಾತ್ರ ಬೇಕಾದರೆ ಮೊದಲೇ ಎರಡು ಪ್ರತ್ಯೇಕ ಪಿಎನ್‌ಆರ್ ಮಾಡಿಸಬೇಕು.

ಯಾವ ಟಿಕೆಟ್ ಕೊಂಡರೂ ಅಮ್ಮನವರಿಗೆ ವೀಲ್‌ಚೇರ್ ಸೇವೆಯನ್ನು ಮುಂಚಿತವಾಗಿ ಕೇಳಿ ನಮೂದಿಸಿಕೊಳ್ಳಿ. ಅದಕ್ಕೆ ಶುಲ್ಕವಿಲ್ಲ, ಅಕ್ಷರದ ಹಂಗೂ ಇಲ್ಲ. ಕಾಲಿಗೆ ಜಾಗ ಹೆಚ್ಚೆಂದು ತುರ್ತು ಬಾಗಿಲಿನ ಸಾಲನ್ನು ಮಾತ್ರ ಕೇಳಬೇಡಿ. ಓಡಾಟಕ್ಕೆ ತೊಂದರೆ ಇರುವವರನ್ನು ಅಲ್ಲಿ ಕೂರಿಸುವುದಿಲ್ಲ.

ಶಿಡ್ಲಘಟ್ಟದ ಮೇಷ್ಟ್ರು:

ಮೂವರಿಗೂ ಧನ್ಯವಾದಗಳು. ಇವತ್ತು ಏಜೆಂಟರನ್ನು ಮತ್ತೆ ಕೇಳಿದೆ. ಹೋಗುವ ದಿನಕ್ಕೆ ಎನ್ ಇದೆಯಂತೆ, ಬರುವ ದಿನಕ್ಕೆ ಓ ಸಾಕು ಎಂದುಕೊಂಡಿದ್ದೇನೆ. ಹೋಗುವ ದಿನ ಪ್ರೀಮಿಯಂನಲ್ಲಿ ರಿವಾರ್ಡ್ ಸೀಟು ಎರಡು ಕಾಣುತ್ತಿವೆ ಎಂದು ಮಗಳೂ ತಿಳಿಸಿದಳು. ಟಿಕೆಟ್ಟನ್ನು ಏಜೆಂಟರಿಂದಲೇ ತೆಗೆಸಬಹುದೇ?

ಬಿ.ಬಿ. ರಸ್ತೆ ಟಿಕೆಟ್ ಕೌಂಟರ್:

ನನ್ನ ಹೊಟ್ಟೆಪಾಡಿಗೆ ವಿರುದ್ಧವಾದ ಮಾತಾದರೂ ಹೇಳುತ್ತೇನೆ: ಈ ಟಿಕೆಟ್ಟನ್ನು ಮಗಳೇ ಸಂಸ್ಥೆಯ ಜಾಲತಾಣದಲ್ಲಿ ಕೊಳ್ಳಲಿ. ಏಜೆಂಟ್ ಕೊಟ್ಟ ಟಿಕೆಟ್ಟಿನಲ್ಲಿ ಏನಾದರೂ ಬದಲಾವಣೆ ಬೇಕೆಂದರೆ ವಿಮಾನ ಸಂಸ್ಥೆಗಳು ಅನೇಕ ಸಲ ಏಜೆಂಟರ ಬಳಿಗೇ ಕಳಿಸುತ್ತವೆ. ನಾವು ರಜೆಯಲ್ಲಿದ್ದ ದಿನವೇ ನಿಮ್ಮ ರಿವಾರ್ಡ್ ಸೀಟು ಬೇರೆಯವರ ಪಾಲಾಗಬಹುದು. ಗುಂಪು ಪ್ರವಾಸಕ್ಕೆಂದು ಸಗಟಾಗಿ ತೆಗೆದಿಟ್ಟ ದರವನ್ನು ಬಿಡಿಯಾಗಿ ಮಾರುವವರೂ ಇದ್ದಾರೆ, ಅಂಥ ಟಿಕೆಟ್ಟಿಗೆ ಅಪ್‌ಗ್ರೇಡ್ ಸಾಮಾನ್ಯವಾಗಿ ದಕ್ಕುವುದಿಲ್ಲ. ಏಜೆಂಟರಿಂದಲೇ ತೆಗೆಸುವುದಾದರೆ, ಹಣ ಕಟ್ಟುವ ಮೊದಲು ಆ ಟಿಕೆಟ್ಟಿನ ಫೇರ್ ರೂಲ್ಸ್ (ದರದ ಷರತ್ತುಗಳ) ಹಾಳೆಯನ್ನು ಮುದ್ರಿಸಿ ಕೊಡಿ ಎಂದು ಕೇಳಿ, ಹೋಗುವ ವಿಮಾನದ ಮುಂದೆ ಎನ್ ಎಂದೇ ಇದೆಯೇ ಎಂಬುದನ್ನು ನೋಡಿಕೊಳ್ಳಿ. ಬೆಳಿಗ್ಗೆ ತೋರಿಸಿದ ಅಕ್ಷರ ಸಂಜೆಗೆ ಮುಗಿದು, ಟಿಕೆಟ್ ಬೇರೆ ಅಕ್ಷರದಲ್ಲಿ ಬರುವುದು ನಮ್ಮ ವ್ಯವಹಾರದಲ್ಲಿ ಅಪರೂಪವಲ್ಲ.