ಆನ್ ಫ್ರಾಂಕ್ ದಿನಚರಿ: ಲೀಸ್, ಹನ್ನೆಲಿ ಇಬ್ಬರೂ ಒಬ್ಬಳೇನಾ?

ಪುಟಗುರುತು:
ದಿನಚರಿಯ ಎರಡು ಮುದ್ರಣಗಳನ್ನು ಪಕ್ಕಪಕ್ಕ ಇಟ್ಟು ಓದುತ್ತಿದ್ದೇನೆ. 1943ರ ನವೆಂಬರ್ 27ರ ಬರಹದಲ್ಲಿ ನಿದ್ದೆ ಹತ್ತುವ ಹೊತ್ತಿಗೆ ಆನ್ ಕಣ್ಣೆದುರು ಬಂದು ನಿಲ್ಲುವ ಗೆಳತಿ ಒಂದರಲ್ಲಿ ಲೀಸ್, ಇನ್ನೊಂದರಲ್ಲಿ ಹನ್ನೆಲಿ. ಬೇರೆಯವರ ಹೆಸರುಗಳೂ ಹೀಗೇ ಅದಲುಬದಲಾಗಿವೆ. ಯಾರು ಯಾರೆಂದು ಗುರುತಿಸುವುದು ಹೇಗೆ? ಕೊನೆಗೆ ಅವರಿಗೆಲ್ಲ ಏನಾಯಿತು?

ಹಳೆಕಪಾಟು:
ಒಬ್ಬಳೇ. ಮೊದಲು ನಿಮ್ಮ ಪ್ರತಿ ಯಾವ ಪಠ್ಯದ್ದು ನೋಡಿ. 1947ರ ಡಚ್ ಪಠ್ಯವನ್ನು ಅನುಸರಿಸಿದವುಗಳಲ್ಲಿ ಸ್ನೇಹಿತರಿಗೆ ಬದಲಿ ಹೆಸರು. 1991ರ ವಿಸ್ತೃತ ಪಠ್ಯದಲ್ಲಿ ನಿಜ ಹೆಸರು. ಲೀಸ್ ಗೂಸೆನ್ಸ್ ಎಂದರೆ ಹನ್ನೆಲಿ ಗೊಸ್ಲರ್, ಯೋಪಿ ಎಂದರೆ ಜಾಕ್ಲಿನ್ ವಾನ್ ಮಾರ್ಸೆನ್, ಹ್ಯಾರಿ ಗೋಲ್ಡ್‌ಬರ್ಗ್ ಎಂದರೆ ಹೆಲೊ ಸಿಲ್ಬರ್‌ಬರ್ಗ್. ಆದರೆ ನಾಜಿಗಳ ಕಣ್ಣುತಪ್ಪಿಸಿ ಆನ್ ಜೊತೆಗೆ ಅಡಗಿದ್ದವರ ಬದಲಿ ಹೆಸರು 1991ರಲ್ಲೂ ಹಾಗೇ ಉಳಿದಿದೆ: ವಾನ್ ಡಾನ್ ಕುಟುಂಬದ ನಿಜ ಹೆಸರು ವಾನ್ ಪೆಲ್ಸ್.

ಹೆಚ್ಚಿನವರು ಎಡವುವುದು ಪೀಟರ್ ವಿಷಯದಲ್ಲಿ. 1944ರ ಜನವರಿ 6ರ ಕನಸಿನಲ್ಲಿ ಬರುವವನು ಹಳೆಯ ಗೆಳೆಯ ಪೀಟರ್ ಶಿಫ್, ಹಳೆ ಮುದ್ರಣದ ಪೀಟರ್ ವೆಸೆಲ್. ಅಡಗುತಾಣದ ಪೀಟರ್, ಅಂದರೆ ವಾನ್ ಪೆಲ್ಸ್ ಮನೆಯ ಮಗ, ಬೇರೆ.

ಕಾಲಸೂಚಿ:
1942ರ ಪಿಂಗ್‌ಪಾಂಗ್ ಕ್ಲಬ್ಬಿನಲ್ಲಿ ಆನ್ ಸೇರಿ ಐವರು ಹುಡುಗಿಯರು. ಇಲ್ಸೆ ವಾಗ್ನರ್‌ಳನ್ನು 1943ರ ಏಪ್ರಿಲ್‌ನಲ್ಲಿ ನಾಜಿಗಳ ಕೊಲೆಶಿಬಿರ ಸೋಬಿಬೋರ್‌ನಲ್ಲಿ ಕೊಂದರು. ಸಾನ್ನೆ ಲೆಡರ್‌ಮಾನ್‌ಳನ್ನು ಅದೇ ವರ್ಷ ನವೆಂಬರ್ 19ರಂದು ಆಶ್ವಿಟ್ಜ್‌ನಲ್ಲಿ. ದಿನಾಂಕ ಗಮನಿಸಿ: ಎಂಟು ದಿನದ ನಂತರ ಆನ್ ಹನ್ನೆಲಿಗಾಗಿ ದೇವರಲ್ಲಿ ಮೊರೆಯಿಡುತ್ತಾಳೆ, ಸಾನ್ನೆಯ ಸುದ್ದಿ ಅವಳಿಗೆ ಗೊತ್ತೇ ಇಲ್ಲ. ಆ ಹೊತ್ತಿಗೆ ಹನ್ನೆಲಿ ಬದುಕಿದ್ದಳು. ಜೂನ್ 20ರ ದಾಳಿಯಲ್ಲಿ ಸಿಕ್ಕಿಬಿದ್ದು ವೆಸ್ಟರ್‌ಬೋರ್ಕ್ ಶಿಬಿರದಲ್ಲಿದ್ದಳು. ಜಾಕ್ಲಿನ್ ಉಳಿದದ್ದು ತಾಯಿಯಿಂದ. ಕ್ರೈಸ್ತ ಮನೆತನದ ಆ ಫ್ರೆಂಚ್ ಮಹಿಳೆ ಮಗಳ ಹೆಸರನ್ನು ಯಹೂದಿ ನೋಂದಣಿಯಿಂದ ತೆಗೆಸಿದರು. ಹೆಲೊ ಬೆಲ್ಜಿಯಂನಲ್ಲಿ ಅಡಗಿ ಬದುಕಿಕೊಂಡ. ಪೀಟರ್ ಶಿಫ್ ಉಳಿಯಲಿಲ್ಲ.

ಪುಟಗುರುತು:
ಧನ್ಯವಾದ. ಬೆರ್ಗೆನ್-ಬೆಲ್ಸೆನ್‌ನಲ್ಲಿ ಹನ್ನೆಲಿ ಆನ್‌ಳನ್ನು ನೋಡಿದಳು ಎನ್ನುತ್ತಾರಲ್ಲ, ಒಂದೇ ಶಿಬಿರವಾದರೆ ನಡುವೆ ಬೇಲಿ ಯಾಕೆ?

ಕಾಲಸೂಚಿ:
ನೋಡಲಿಲ್ಲ, ದನಿ ಕೇಳಿದಳು. ಗೊಸ್ಲರ್ ಕುಟುಂಬದ ಬಳಿ ಪರಾಗ್ವೆ ಪಾಸ್‌ಪೋರ್ಟ್ ಇತ್ತು, ಪ್ಯಾಲೆಸ್ಟೈನ್ ವಿನಿಮಯ ಪಟ್ಟಿಯಲ್ಲಿ ಹೆಸರಿತ್ತು. ಅಂಥವರನ್ನು ಜರ್ಮನ್ ಕೈದಿಗಳಿಗೆ ಬದಲಾಗಿ ಕೊಡಬಹುದೆಂದು ಬೇರೆ ವಿಭಾಗದಲ್ಲಿಟ್ಟಿದ್ದರು. ಅಲ್ಲಿ ಸ್ಥಿತಿ ಸ್ವಲ್ಪ ವಾಸಿ. ಆಶ್ವಿಟ್ಜ್‌ನಿಂದ ಬಂದ ಆನ್ ಇದ್ದದ್ದು ಮುಳ್ಳುತಂತಿಯ ಆಚೆ. ಆ ತಂತಿಗೆ ಹುಲ್ಲು ತುಂಬಿದ್ದರಿಂದ ಮುಖ ಕಾಣುತ್ತಿರಲಿಲ್ಲ. 1945ರ ಫೆಬ್ರವರಿಯಲ್ಲಿ, ರಾತ್ರಿ ಹೊತ್ತು, ಆನ್‌ಳನ್ನು ಬೇಲಿಯ ಬಳಿಗೆ ಕರೆತಂದವರು ಶ್ರೀಮತಿ ವಾನ್ ಪೆಲ್ಸ್. ಹನ್ನೆಲಿ ಬೇಲಿಯಾಚೆ ಎಸೆದ ಮೊದಲ ಆಹಾರದ ಪೊಟ್ಟಣವನ್ನು ಬೇರೊಬ್ಬಳು ಕಸಿದುಕೊಂಡಳು, ಮುಂದಿನದು ಆನ್ ಕೈಸೇರಿತು. ಅಪ್ಪ ಅಮ್ಮ ಇಬ್ಬರೂ ಇಲ್ಲವೆಂದೇ ಆನ್ ಆಗ ನಂಬಿದ್ದಳು, ಅಪ್ಪ ಒಟ್ಟೊ ಬದುಕಿದ್ದರೂ.

ಹಳೆಕಪಾಟು:
ಅಲ್ಲಿ ಆನ್‌ಳನ್ನು ಎದುರಾಎದುರು ಕಂಡ ಸಹಪಾಠಿ ನನೆಟ್ ಬ್ಲಿಟ್ಜ್, ಆನ್ ಓದಿದ ಯಹೂದಿ ಲೈಸಿಯಂ ಶಾಲೆಯವಳು. ಈ ಇಬ್ಬರ ಹೇಳಿಕೆಗಳನ್ನು ಬೆರೆಸಿ ಬರೆದ ಲೇಖನಗಳೇ ಗೊಂದಲದ ಮೂಲ. ಆನ್ ಹೇಗೆ ಕಾಣುತ್ತಿದ್ದಳು ಎಂಬ ವಿವರಕ್ಕೆ ನನೆಟ್ ಅವರದನ್ನೇ ಓದಿ.